ಬೆಚ್ಚಗಿರುವಾಗಲೇ ಕೂರಿಸಬೇಕಿತ್ತು

ಹಬೆ ಏಳುತ್ತಿದೆ, ಮಂಡಿಯ ಮೇಲೆ ಸುರಿದ ಬಿಸಿನೀರು ಮೀನಖಂಡ ದಾಟಿ ಹಿಮ್ಮಡಿಯಿಂದ ತೊಟ್ಟಿಕ್ಕಿ ತೋಟದ ಕೆಮ್ಮಣ್ಣಿಗೆ ಇಳಿಯುತ್ತಿದೆ, ಕಾಲು ಮಾತ್ರ ಬಗ್ಗುತ್ತಿಲ್ಲ, ಬದುಕಿದ್ದಾಗ ಯಾರ ಮಾತು ಕೇಳಿದ ಕಾಲು ಅದು, ಈಗ ಬಿಸಿನೀರಿನ ಮಾತು ಕೇಳುವುದಕ್ಕೆ, ಅಂದುಕೊಂಡಳು ಕಲ್ಲಮ್ಮ, ಅಂದುಕೊಂಡದ್ದಕ್ಕೆ ತಾನೇ ಬೆಚ್ಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಗಂಡ ಸತ್ತದ್ದು ನಿನ್ನೆ ಬೆಳಿಗ್ಗೆ, ಎದುರಿಗೇ ಹಲಗೆಯ ಮೇಲೆ ಮಲಗಿದ್ದಾರೆ, ಹಣೆಯ ತುಂಬ ವಿಭೂತಿ, ಪಕ್ಕದಲ್ಲಿ ಹಸಿ ಮಣ್ಣಿನ ಗುಂಡಿ, ತೆಂಗಿನ ನೆರಳಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ವಿಶ್ವವಿದ್ಯಾಲಯದವರು, ಕೊಬ್ಬರಿ ಮಾರ್ಕೆಟ್ಟಿನವರು, ಟೋಪಿ ಹಾಕಿದ ಮಾಜಿ ಸೈನಿಕರು, ಎಲ್ಲರೂ ಕೂತಿದ್ದಾರೆ, ಕೂರಬೇಕಾದ ಒಬ್ಬರು ಮಾತ್ರ ಮಲಗಿದ್ದಾರೆ. ಲಿಂಗ ಕಟ್ಟುವ ಇವರ ಜನದಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಕಾಲು ಮಡಿಸಿ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತವರನ್ನು ಕಳಿಸಿದ ಹಾಗೆ ಕಳಿಸಬೇಕು, ಅದಕ್ಕೇ ಉಸಿರು ಹೋದ ತಕ್ಷಣ, ಮೈ ಬೆಚ್ಚಗಿರುವಾಗಲೇ ಗೋಡೆಗೆ ಒರಗಿಸಿ ಕಟ್ಟಿಬಿಡಬೇಕು, ಇದು ಊರಿನ ಮಕ್ಕಳಿಗೂ ಗೊತ್ತು, ಗೊತ್ತಿಲ್ಲದ್ದು ಓದಿ ದೊಡ್ಡವನಾದ ಮಗ ರೇಣುಕಪ್ರಸಾದನಿಗೆ — ಆಸ್ಪತ್ರೆಯಲ್ಲಿ ಫೋನು ಕಿವಿಗಿಟ್ಟುಕೊಂಡೇ ಬಂದ, ಅಮ್ಮ, ಯೂನಿವರ್ಸಿಟೀಲಿ ದರ್ಶನಕ್ಕೆ ಇಡ್ಬೇಕಂತೆ, ಕುಲಪತಿಗಳು ನಾಳೆ ಬತ್ತಾರಂತೆ, ಫ್ರೀಜರ್ ಪೆಟ್ಟಿಗೇಲಿ ಕೂರ್ಸಾಕಾಗಲ್ಲ, ಮಲಗ್ಸೇ ಇಡನ. ಬೆಚ್ಚಗಿರೋವಾಗ್ಲೇ ಕೂರುಸ್ಬುಡಪ್ಪ, ನಿಮ್ಮಪ್ಪನೂ ಅದನ್ನೇ ಹೇಳಿದ್ರು, ಅಂದಳು, ಒಂದೇ ಸಲ, ಮೆಲ್ಲಗೆ. ಸುಮ್ನಿರಮ್ಮ, ನಿಂಗೇನೂ ಗೊತ್ತಾಗಲ್ಲ. ಎರಡನೇ ಸಲ ಯಾಕೆ ಹೇಳಲಿಲ್ಲ, ಹೆದರಿಕೆಯೋ, ಅಭ್ಯಾಸವೋ, ಇಲ್ಲ ಒಳಗೆಲ್ಲೋ, ಆಗಲಿ ಬಿಡು, ಒಂದು ಸಲ ಇವರಿಗೂ ಆಗಲಿ ಅಂತಲೋ, ಇದನ್ನು ಯಾರ ಹತ್ತಿರ ಕೇಳುವುದು.

ಮೈಕಿನಲ್ಲಿ ಮೇಷ್ಟ್ರೊಬ್ಬರು, ನಮ್ಮ ತೋಂಟದಾರ್ಯನವರು, ದೇಶಕ್ಕಾಗಿ ಶತ್ರುವಿಗೆ ಎದೆಯೊಡ್ಡಿದ ಯೋಧ, ಬರಿಗೈಯಲ್ಲಿ ಊರಿಗೆ ಮರಳಿ ದಿಲ್ಲಿಯವರೆಗೆ ಕೊಬ್ಬರಿ ಲಾರಿ ಓಡಿಸಿದ ಸಾಹಸಿ, ಹೆಣ್ಣುಮಕ್ಕಳ ವಿದ್ಯೆಗಾಗಿ ವಿಶ್ವವಿದ್ಯಾಲಯಕ್ಕೆ ಮಡದಿಯ ಹೆಸರಿನಲ್ಲಿ ಹಾಸ್ಟೆಲು ಕಟ್ಟಿಸಿಕೊಟ್ಟ ಶಾಂತಮೂರ್ತಿ — ಶಾಂತಮೂರ್ತಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಕಲ್ಲಮ್ಮನ ಬಲಗೈ ಮಣಿಕಟ್ಟು ಚುಳ್ಳೆಂದಿತು, ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಹಿರಿಯರು ಯಾರನ್ನು ನೋಡಿ ಹೇಳಿದರೋ, ಆ ಹಾಸ್ಟೆಲಿನ ಬಾಗಿಲಲ್ಲಿ ಟೇಪು ಕತ್ತರಿಸಿ ಅಂತ ಕೈಗೆ ಕತ್ತರಿ ಕೊಟ್ಟರು, ಬೆರಳು ಕೂಡಲಿಲ್ಲ, ಮುರಿದು ಸೊಟ್ಟಗೆ ಕೂಡಿಕೊಂಡ ಕೈ ಕತ್ತರಿ ಹಿಡಿಯುವುದು ಹೇಗೆ, ನಾಚ್ಕೆ ಕಣ್ರೀ ಇವಳಿಗೆ ಅಂತ ಯಜಮಾನರು ನಕ್ಕು ಅವಳ ಕೈಯ ಮೇಲೆ ತಮ್ಮ ಕೈಯಿಟ್ಟು ಕತ್ತರಿಸಿದರು, ಚಪ್ಪಾಳೆ, ಫೋಟೊ, ಮುರಿದ ಕೈ ಮುರಿದವರ ಕೈಯೊಳಗೇ ಇತ್ತು, ಹುಡುಗಿಯರೆಲ್ಲ ಎಂಥ ಜೋಡಿ ಅಂದರು. ಮುರಿದದ್ದು ಕೊಬ್ಬರಿ ಒಡೆಯುವ ದಿನ, ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ನೀರಿನ ಸದ್ದಿಲ್ಲದೆ ಒಳಗಿನ ಉಂಡೆ ಲೊಡಲೊಡ ಅಂದರೆ ಮಾತ್ರ ಚಿಪ್ಪು ಒಡೆಯಬೇಕು, ಅವತ್ತು ಹೊಟ್ಟೆಯಲ್ಲಿದ್ದ ಕೂಸು ಒದೆಯುತ್ತಿತ್ತೋ ಏನೋ, ಕಿವಿ ಅತ್ತ ಇತ್ತು, ಅಲ್ಲಾಡಿಸದೆಯೇ ಮಚ್ಚಿನಿಂದ ಹೊಡೆದಳು, ಹಸಿ ಕಾಯಿ, ನೀರು ಚಿಮ್ಮಿ ದಿಲ್ಲಿಯಿಂದ ಬಂದ ಸೇಟಿನ ಬಿಳಿ ಪೈಜಾಮದ ಮೇಲೆ ಬಿತ್ತು, ಸೇಟು ನಕ್ಕ, ಇದೇನಾ ತಿಪಟೂರು ಕೊಬ್ಬರಿ ಅಂದ, ಅಷ್ಟೇ, ಯಜಮಾನರು ಅವನ ಕಾರು ಗೇಟು ದಾಟುವವರೆಗೆ ಕಾದರು, ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅವಳ ಕೈ ಹಿಡಿದು, ಯಾವ ಕೈಲೇ ಒಡ್ದೆ, ಈ ಕೈಲಾ, ಅಂತ ಮೆಲ್ಲಗೆ ಕೇಳುತ್ತಲೇ ಹಿಂದಕ್ಕೆ ಮಡಿಸಿದರು, ಮಡಿಸುತ್ತಲೇ ಹೋದರು, ಲಟಕ್ ಅಂತು. ಆಮೇಲೆ ನೋಡಿದರೆ ಯಜಮಾನರ ಮುಖವೇ ಬಿಳುಚಿ ಹೋಗಿದೆ.

ಹುಳಿಯಾರಿನಲ್ಲಿ ಮೂಳೆ ಕಟ್ಟುವವರಿದ್ದರು, ಬಸ್ಸಿನ ಕಿಟಕಿ ಪಕ್ಕ ಅವಳು, ಮಡಿಲಲ್ಲಿ ಬಾತ ಕೈ, ಯಜಮಾನರು ರಸ್ತೆ ನೋಡುತ್ತ ಮೆಲ್ಲಗೆ ಶುರುಮಾಡಿದರು, ಎಪ್ಪತ್ತೊಂದರ ಯುದ್ಧ, ಗಡಿಯ ಕಬ್ಬಿನ ಗದ್ದೆ, ಮಾಯಸಂದ್ರದ ದಯಾನಂದ ಅಂತ ಒಬ್ಬನಿದ್ದ ಕಣೇ, ನನ್ನ ಜೊತೇಲೇ ಸೇರಿದೋನು, ಹೊಟ್ಟೆಗೆ ಬಾಂಬಿನ ಚೂರು ಬಿದ್ದು ಗುಳೀಲಿ ಕೂತಂಗೇ ಹೋಗ್ಬುಟ್ಟ, ಮೂರು ದಿನ ಎತ್ಕಂಡು ಬರಾಕಾಗ್ಲಿಲ್ಲ, ಮಂಜು ಅಂದ್ರೆ ಮಂಜು, ಕಡ್ಡಿ ಆಗ್ಬುಟ್ಟಿದ್ದ, ಸ್ಟ್ರೆಚರ್ ಮೇಲೆ ಮಲಗ್ಸಿದ್ರೆ ಎರಡು ಮಂಡೀನೂ ಮೇಲಕ್ಕೇ, ಆ ಕಡೆಯಿಂದ ಗುಂಡು ಬತ್ತಾ ಐತೆ, ಬಗ್ಗಿ ಓಡ್ಬೇಕು, ಸುಬೇದಾರ್ ಅಂದ, ಇವನ ಊರ ಕಡೆಯೋನು ನೀನೇ ಅಲ್ವಾ, ನೀನೇ ಮುರಿ. ಬಂದೂಕಿನ ಹಿಂಭಾಗದಿಂದ ಮುರಿದರಂತೆ, ಒಂದು ಮುರಿದು ವಾಂತಿ ಮಾಡಿಕೊಂಡರಂತೆ, ಬಾಯಿ ಒರೆಸಿಕೊಂಡು ಇನ್ನೊಂದು ಮುರಿದರಂತೆ, ನಿನ್ನ ಕೈ ಲಟಕ್ ಅಂತಲ್ಲಾ, ಅದೇ ಸದ್ದು ಕಣೇ, ಅಂದರು, ಅತ್ತರು, ಮಿಲಿಟರಿ ತೋಂಟದಾರ್ಯ ಬಸ್ಸಿನಲ್ಲಿ ಅತ್ತರು ಅಂದರೆ ಯಾರು ನಂಬುತ್ತಾರೆ, ಅವಳು ನಂಬಿದಳು, ಎಡಗೈಯಲ್ಲಿ ಅವರ ಬೆನ್ನು ಸವರಿದಳು, ಹುಚ್ಚಿ, ಇನ್ನು ಮೇಲೆ ಹೊಡೆಯಲಾರರು ಅಂದುಕೊಂಡಳು, ಕೈಯ ಕಟ್ಟು ಬಿಚ್ಚುವುದಕ್ಕೆ ಮೊದಲೇ ಹೊಡೆದರು, ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ, ಗೋಡೆಗೆ ತಲೆ ಗುದ್ದಿಸಿದರು, ತೋಟದ ಆಳು ಭೀಮರಾಜು ಬಿಡಿಸಲು ಬಂದರೆ ಅವನ ಸೊಂಟಕ್ಕೆ ಬೂಟುಗಾಲು, ಅವನು ಇವತ್ತಿಗೂ ಓರೆಯಾಗಿ ನಡೆಯುತ್ತಾನೆ. ಹೊಡೆದ ಮೇಲೆ ಪ್ರತಿ ಸಲವೂ ಅವರ ಬಾಯಲ್ಲಿ ದಯಾನಂದ ಬರುತ್ತಿದ್ದ, ಬರಬರುತ್ತ ಅವಳಿಗೆ ಸತ್ತವನ ಮೇಲೇ ಸಿಟ್ಟು, ನೆಟ್ಟಗೆ ಮಲಗಿ ಸಾಯುವುದಕ್ಕೆ ನಿನಗೇನಾಗಿತ್ತೋ ಅಂತ. ಹೋದ ಮಳೆಗಾಲದಲ್ಲಿ ಎದೆನೋವು ಬಂದಾಗ ಅವಳ ಸೊಟ್ಟ ಕೈಯನ್ನೇ ಹಿಡಿದುಕೊಂಡರು, ಕಲ್ಲೀ, ನಾನು ಹೋದ್ರೆ ಬೆಚ್ಚಗಿರೋವಾಗ್ಲೇ ಕೂರುಸ್ಬುಡಿ, ನನ್ ಮಂಡಿ ಮುರೀಬ್ಯಾಡ್ರೇ, ಆ ಸದ್ದು ನಂಗೆ ಬ್ಯಾಡ. ಅದುವರೆಗೆ ಅವರು ಅವಳನ್ನು ಏನೂ ಬೇಡಿದವರಲ್ಲ.

ಕಲ್ಲಮ್ಮನವರೇ, ಅಂದರು ಕ್ರಿಯೆ ಮಾಡಿಸುವ ಅಯ್ನೋರು ಶಂಭುಲಿಂಗಯ್ಯ, ಬಿಸಿನೀರಿಗೆ ಬಗ್ಗಾಕಿಲ್ಲ ತಾಯಿ, ಒಂದೊಂದೇಟು ಹಾಕ್ಲೇಬೇಕು, ಹೆಂಡ್ತಿ ಆದೋರು ಹೂಂ ಅನ್ಬೇಕು, ಇಲ್ದಿದ್ರೆ ಮಲಗ್ಸೇ ಮುಚ್ಚಬೇಕಾಯ್ತದೆ, ನಮ್ಮೋರ್ಯಾರೂ ಗುಂಡಿಗೆ ಮಣ್ಣು ಹಾಕಾಕಿಲ್ಲ. ಭೀಮರಾಜು ಕೊಡಲಿಗೆ ಗೋಣಿತಾಟು ಸುತ್ತಿಕೊಂಡು ನಿಂತಿದ್ದಾನೆ, ಅವನ ಕಣ್ಣಲ್ಲಿ ನೀರು, ಒದೆ ತಿಂದವನು ಅಳುತ್ತಿದ್ದಾನೆ, ಮಗ ಮುಖ ಆ ಕಡೆ ತಿರುಗಿಸಿ, ಅಮ್ಮ, ಬೇಗ ಹೂಂ ಅನ್ನು, ಎಲ್ಲಾರೂ ಕಾಯ್ತಾವ್ರೆ. ಅವಳನ್ನು ಇಷ್ಟು ಜನ ಕೇಳಿದ್ದೇ ಇಲ್ಲ, ಇಡೀ ಬದುಕಿನಲ್ಲಿ ಅವಳ ಬಾಯಿಂದ ಏನಾದರೂ ಬರಲಿ ಅಂತ ಯಾರೂ ಕಾದದ್ದಿಲ್ಲ, ಬೇಡ ಅಂದರೆ ಯಜಮಾನರ ಮಾತು ಉಳಿಯುತ್ತದೆ, ಹೂಂ ಅಂದರೆ — ಬೇಡ ಅನ್ನಬೇಕು, ಬೇಡಿಕೊಂಡಿದ್ದಾರೆ, ಬಾಯಿ ತೆರೆದಳು, ಕೈ ಚುಳ್ಳೆಂದಿತು, ಗೋಡೆ ನೆನಪಾಯಿತು, ಹೂಂ, ಅಂದಳು. ಭೀಮರಾಜು, ತಪ್ಪಾಯ್ತು ಬುದ್ದೀ, ಅಂದು ಕೊಡಲಿಯ ಹಿಂಬದಿಯ ಮಡವನ್ನು ಬಲಗಾಲಿನ ಮೇಲೆ ಹಾಕಿದ, ಲಟಕ್ — ಗೋಣಿತಾಟು ಸುತ್ತಿದ್ದರೂ ಕೇಳಿಸಿತು, ಮೈಕಿನವರು ಮಾತು ನಿಲ್ಲಿಸಿದರು, ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದಳು, ಇಳಿಯಲಿಲ್ಲ, ಮರದ ಬುಡಕ್ಕೆ ಬಗ್ಗಿ ವಾಂತಿ ಮಾಡಿಕೊಂಡಳು, ಬಾಯಿ ಒರೆಸಿಕೊಂಡು ತಿರುಗಿದರೆ ಭೀಮರಾಜು ಎಡಗಾಲಿನ ಕಡೆಗೆ ಬಂದು ಕೊಡಲಿ ಎತ್ತಿದ್ದಾನೆ, ಸಾಕು, ಅಂದಳು, ಅಂದದ್ದಲ್ಲ, ಕಿರುಚಿದಳು. ಅಮ್ಮ, ಇನ್ನೊಂದು ಕಾಲೈತೆ, ಅಂದ ಭೀಮರಾಜು. ಸಾಕು ಅಂದೆ ಕಣ್ಲಾ. ಆ ಮನೆಯ ಅಡುಗೆಕೋಣೆಯಲ್ಲಿ, ಅಟ್ಟದ ಕೆಳಗೆ, ಹಿತ್ತಿಲ ಕಲ್ಲಿನ ಮೇಲೆ ಎಷ್ಟು ಸಲ ಅಂದಿದ್ದಾಳೆ ಆ ಮಾತು, ಯಾವ ಕೈಯೂ ನಿಂತದ್ದಿಲ್ಲ, ಭೀಮರಾಜುವಿನ ಕೈ ನಿಂತಿತು, ಕೊಡಲಿ ಮೆಲ್ಲಗೆ ಕೆಳಗಿಳಿಯಿತು. ಒಂದು ಕಾಲು ಚಾಚ್ಕಂಡು ಕೂರ್ಸದಾ ತಾಯಿ, ಹಂಗೆಲ್ಲಾರ ಉಂಟಾ, ಗುಂಡಿ ಸಾಲಾಕಿಲ್ಲ, ಅಂದರು ಅಯ್ನೋರು. ಅಗಲ ಮಾಡ್ರಿ, ಅಂದಳು.

ಅಗೆಯುತ್ತಿದ್ದಾರೆ, ಗುದ್ದಲಿ ತೆಂಗಿನ ಬೇರು ಕತ್ತರಿಸುತ್ತಿದೆ, ಯಜಮಾನರನ್ನು ಎತ್ತಿ ಒಳಗೆ ಕೂರಿಸಿದರು, ಬಲಗಾಲು ಮಡಿಸಿದೆ, ಕೈಯಲ್ಲಿ ಲಿಂಗ, ಎಡಗಾಲು ನೆಟ್ಟಗೆ, ಓರೆಯಾಗಿ ಮೇಲಕ್ಕೆ, ಅವಳ ಕಡೆಗೆ ಚಾಚಿದೆ, ಅಯ್ನೋರು ಮಂತ್ರ ಹೇಳುತ್ತಿದ್ದಾರೆ, ಪತ್ರೆ ಬೀಳುತ್ತಿದೆ, ಏನಾದರೂ ಬೇರೆ ಯೋಚಿಸಬೇಕು, ಹಾಸ್ಟೆಲಿನ ಹುಡುಗಿಯರು ಬಸ್ಸು ಮಾಡಿಕೊಂಡು ಬಂದಿದ್ದಾರೆ, ಅವರಿಗೆ ಊಟ, ಅನ್ನ ಎಷ್ಟು ಇಟ್ಟಿದ್ದಾರೋ, ಆ ಕಾಲು, ಮಗನ ಜೊತೆ ಇನ್ನು ಮಾತು ಹೇಗೆ, ಮೊದಲ ಹಿಡಿ ಮಣ್ಣು ನೀವೇ ಹಾಕ್ಬೇಕು ತಾಯಿ ಅಂದರು ಯಾರೋ, ಹಾಕಿದಳು, ಮಣ್ಣು ಪಾದದ ಮೇಲೆ ಬಿತ್ತು, ಬೆರಳ ಸಂದಿಯಿಂದ ಜಾರಿತು, ಎಲ್ಲರೂ ಹಾಕುತ್ತಿದ್ದಾರೆ, ಮಡಿಸಿದ ಕಾಲು ಮುಚ್ಚಿತು, ಕೈ ಮುಚ್ಚಿತು, ಎದೆಗೆ ಬಂತು, ಆ ಕಾಲು ಮಾತ್ರ, ಹೆಬ್ಬೆರಳು ಮೇಲಕ್ಕೆ, ಇನ್ನೂ ಕಾಣುತ್ತಿದೆ, ಆ ಕಾಲು, ಅವಳ ಕಡೆಗೆ, ಆ ಕಾಲು —