ಉಂಡಿಯೇನ ಅಂತ ಕೇಳಬಾರದು

ಮೂರನೆಯ ಸಲವೂ ಫೇಲಾದರೆ ಸುಶೀಲವ್ವನ ಹೆಸರು ಕೈಬಿಡುವುದೆಂದು ತೀರ್ಮಾನವಾಗಿತ್ತು. ಕಾಫಿ ಮಾಡುವುದರಲ್ಲಿ ಫೇಲು ಎಂದುಕೊಂಡೀರಿ, ಅಲ್ಲ. ಕೆನಡಾದ ಬ್ರ್ಯಾಂಪ್ಟನ್ ಊರಿನ ಒಂದು ಕಾಫಿ ಅಂಗಡಿಯಲ್ಲಿ ಬೆಳಗಿನ ಹೊತ್ತು ನುಗ್ಗುವ ಟ್ರಕ್ ಡ್ರೈವರುಗಳ ದಂಡನ್ನು ಒಬ್ಬಳೇ ನಿಭಾಯಿಸುವ ಹೆಂಗಸು ಆಕೆ. ಫೇಲಾಗುತ್ತಿದ್ದದ್ದು ಬಾಯಿ ಮುಚ್ಚಿಕೊಂಡಿರುವುದರಲ್ಲಿ.

ಆ ಅಂಗಡಿಯ ಕಂಪನಿಯವರು ಯುರೋಪಿನ ಲಾಟ್ವಿಯಾದಲ್ಲಿ ಕೆನಡಾ ಸೈನಿಕರಿರುವ ಶಿಬಿರದೊಳಗೆ ಒಂದು ಕಾಫಿ ಅಂಗಡಿ ತೆರೆದಿದ್ದರು. ಸೈನಿಕರಿಗೂ, ಅಲ್ಲಿಗೆ ಬಂದುಹೋಗುವ ರಾಯಭಾರ ಕಚೇರಿಯವರಿಗೂ ಊರಿನ ರುಚಿ ಸಿಗಲೆಂದು. ಕೆಲಸದವರನ್ನು ಇಲ್ಲಿಂದಲೇ ಕಳಿಸುತ್ತಿದ್ದರು. ಅದೇ ಶಿಬಿರದಲ್ಲಿ ಸುಶೀಲವ್ವನ ಒಬ್ಬಳೇ ಮಗಳು ತನುಶ್ರೀ ಸೈನ್ಯದ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದಳು. ಮಗಳ ಮುಖ ನೋಡದೆ ಒಂದು ಚಳಿಗಾಲ ಪೂರ್ತಿ ಕಳೆದಿತ್ತು, ಇನ್ನೊಂದು ಕಳೆಯಬೇಕಿತ್ತು. ಫೋನಿನಲ್ಲಿ ಏನು ಕೇಳಿದರೂ "ಐ ಕಾಂಟ್ ಟೆಲ್ ಯು, ಅವ್ವಾ" ಎನ್ನುವ ಹುಡುಗಿ. ಊಟ ಆತೇನ ಎಂದರೆ ಸಾಕು, "ದಿನಾ ಅದೇ ಕ್ವೆಶ್ಚನ್ನಾ?" ಎಂದು ಸಿಡುಕುತ್ತಿದ್ದಳು. ಅಲ್ಲಿಗೆ ಹೋಗಲು ತಾನು ಹೆಸರು ಕೊಟ್ಟಿದ್ದನ್ನು ಸುಶೀಲವ್ವ ಅವಳಿಗೆ ಹೇಳಿರಲಿಲ್ಲ. ಒಂದು ದಿನ ಕೌಂಟರಿನ ಈಚೆ ನಿಂತು ಸುಮ್ಮನೆ ಅವಳ ಕೈಗೆ ಕಪ್ಪು ಕೊಡಬೇಕು ಎಂಬ ಆಸೆ.

ಆ ಆಸೆಗೆ ಅಡ್ಡ ಬಂದದ್ದು ಒಂದು ರೂಲು. ತರಬೇತಿ ಕೊಡುವ ಬೆಂಗಳೂರಿನ ದೀಪ್ತಿ ಮೊದಲ ದಿನವೇ ಹೇಳಿದ್ದಳು: "ಆಂಟಿ, ಆರ್ಡರ್ ಬಿಟ್ಟು ಬೇರೆ ಏನೂ ಕೇಳೋ ಹಾಗಿಲ್ಲ. ಎಲ್ಲಿಂದ ಬಂದ್ರಿ, ಯಾವಾಗ ಹೋಗ್ತೀರಿ, ಎಲ್ಲಾ ಸೆಕ್ಯೂರಿಟಿ ವಿಷಯ."

ಗದಗಿನ ಹೆಣ್ಣುಮಗಳಿಗೆ ಇಂಥ ರೂಲು ಮಾಡಿದವನ ತಲೆಯಲ್ಲಿ ಏನಿತ್ತೋ! ಎದುರು ಬಂದವರನ್ನು ಯಾವೂರು ಎಂದು ಕೇಳದಿರುವುದು ಆಕೆಗೆ ನೀರು ಕೊಡದೆ ಕಳಿಸಿದಂತೆ. ಮೊದಲ ಪರೀಕ್ಷೆಯಲ್ಲಿ, ಸೈನಿಕನ ಪಾತ್ರ ಮಾಡಿದ ಕ್ಯಾಶಿಯರ್ ದೇವ್‌ನನ್ನು ಯಾವೂರು ಎಂದು ಕೇಳಿಯೇಬಿಟ್ಟಳು. ದಿನಾ ಜೊತೆಗೆ ಕೆಲಸ ಮಾಡುವ ಹುಡುಗ ಅವನು. ಎರಡನೆಯ ಸಲ ಅವನೇ ಟೈ ಕಟ್ಟಿಕೊಂಡು ರಾಯಭಾರ ಕಚೇರಿಯ ಅಧಿಕಾರಿಯಾಗಿ ಬಂದಾಗ, ಹೆಂಡತಿ ಮಕ್ಕಳನ್ನು ಎಲ್ಲಿ ಬಿಟ್ಟು ಬಂದಿರಿ ಎಂದು ವಿಚಾರಿಸಿದಳು.

ಮೂರನೆಯದಕ್ಕೆ ತಯಾರಿ ಜೋರಾಗಿತ್ತು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಸ್ನಾನ ಮಾಡುವಾಗಲೂ "ನೆಕ್ಸ್ಟ್ ಪ್ಲೀಸ್, ನೆಕ್ಸ್ಟ್ ಪ್ಲೀಸ್" ಎಂದು ಜಪ. ಅಂದು ಮಧ್ಯಾಹ್ನ ಟ್ರೈನಿಂಗ್ ರೂಮಿನಲ್ಲಿ ದೇವ್ ಎರಡು ವೇಷದಲ್ಲಿ ಬಂದು ಕೆಣಕಿದರೂ ಆಕೆ ಸೋಲಲಿಲ್ಲ. ಕೊನೆಗೆ ಬಂದವಳು ಹೊಸದಾಗಿ ಸೇರಿದ್ದ ಮಹಿಮಾ. ಬೇರೆಲ್ಲೋ ವೇರ್‌ಹೌಸಿನಲ್ಲಿ ರಾತ್ರಿ ಶಿಫ್ಟು ಮುಗಿಸಿ ನೆಟ್ಟಗೆ ಇಲ್ಲಿಗೆ ಬಂದಿದ್ದ ಹುಡುಗಿ. ಎರವಲು ತಂದ ಸೈನ್ಯದ ಜಾಕೆಟ್ಟಿನ ತೋಳು ಬೆರಳುಗಳನ್ನೂ ಮುಚ್ಚಿತ್ತು. ಕಣ್ಣುಗಳು ಕೆಂಪಗಿದ್ದವು. ಕೌಂಟರಿಗೆ ಒರಗಿ, "ಸ್ಮಾಲ್ ಬ್ಲ್ಯಾಕ್, ಪ್ಲೀಸ್" ಎಂದಳು.

"ಖಾಲಿ ಹೊಟ್ಟಿಗೆ ಬ್ಲ್ಯಾಕೇನವಾ? ಉಂಡಿಯೇನ?"

ದೀಪ್ತಿ ಕಣ್ಣು ಮುಚ್ಚಿಕೊಂಡಳು. ತಾನು ಏನಂದೆ ಎಂಬುದು ಸುಶೀಲವ್ವನಿಗೆ ಆಮೇಲೆ ಹೊಳೆಯಿತು.

"ಉಂಡಿಯೇನ ಅಂತ ಕೇಳಿದ್ದೂ ತಪ್ಪೇನು?"

"ಯಾವಾಗ ಊಟ ಮಾಡಿದ್ರು ಅಂತ ಗೊತ್ತಾದ್ರೆ ಯಾವಾಗ ಹೊರಟ್ರು ಅಂತ ಗೊತ್ತಾಗುತ್ತೆ ಆಂಟಿ. ರೂಲ್ ನಾನು ಮಾಡಿದ್ದಲ್ಲ."

"ಹಸಿದವರನ್ನ ಕೇಳಿದ್ರ ಯುದ್ಧ ಸೋಲ್ತಾರಂತೇನು?"

"ಸಾರಿ ಆಂಟಿ. ಈ ಸಲ ಒಶಾವಾ ಊರಿನ ನಮ್ಮ ಅಂಗಡಿಯವರನ್ನ ಕಳಿಸ್ತಾರೆ."

ಸುಶೀಲವ್ವ ಏಪ್ರನ್ನು ಬಿಚ್ಚಿ ಎಸೆದು ಬಂದಳು. ಬಸ್ಸಿನ ದಾರಿಯುದ್ದಕ್ಕೂ ಕಂಪನಿಯನ್ನು ಬೈದಳು, ಸೈನ್ಯವನ್ನು ಬೈದಳು, ಎಲ್ಲಕ್ಕಿಂತ ಹೆಚ್ಚು ತನ್ನ ನಾಲಿಗೆಯನ್ನು ಬೈದಳು. ಜಗತ್ತಿನ ಮಕ್ಕಳ ಹೊಟ್ಟೆಯ ಉಸಾಬರಿ ಅದಕ್ಕೇಕೆ ಬೇಕಿತ್ತು? ಮನೆಗೆ ಬಂದು ಸಿಟ್ಟಿನಲ್ಲೇ ಸಾರಿಗಿಟ್ಟಳು. ಆಗ ತನುಶ್ರೀಯ ಫೋನು ಬಂತು. ಅಲ್ಲಿ ಆಗಲೇ ರಾತ್ರಿ.

ಹವೆಯ ಮಾತಾಯಿತು, ಕಾಲುಚೀಲದ ಮಾತಾಯಿತು. ಆ ಪ್ರಶ್ನೆ ನಾಲಿಗೆಯ ತುದಿಗೆ ಬಂದಾಗ ಸುಶೀಲವ್ವ ಹಲ್ಲು ಕಚ್ಚಿದಳು. ಇನ್ನು ಈ ಜನ್ಮದಲ್ಲಿ ಯಾರನ್ನೂ ಅದನ್ನು ಕೇಳುವುದಿಲ್ಲ ಎಂದು ಬಸ್ಸಿನಲ್ಲೇ ಆಣೆ ಮಾಡಿದ್ದಳು.

"ಸರಿ, ಇಡ್ಲೇನು?" ಎಂದಳು.

ಮಗಳು ಫೋನಿಡಲಿಲ್ಲ. "ಅವ್ವಾ, ಯು ಫರ್ಗಾಟ್ ಸಮ್‌ಥಿಂಗ್."

"ಏನು?"

"ದಿನಾ ಕೇಳ್ತಿಯಲ್ಲ."

"ಕೇಳಿದ್ರ ನಿನಗ ಸಿಟ್ಟು ಬರತದ."

"ಇಲ್ಲಿ ಯಾರೂ ಏನೂ ಕೇಳಂಗಿಲ್ಲ ಅವ್ವಾ. ಕಾಫಿ ಶಾಪಲ್ಲೂ ನೆಕ್ಸ್ಟ್ ಪ್ಲೀಸ್ ಅಂತಾರೆ, ಅಷ್ಟೇ." ಮಗಳ ದನಿ ಸಣ್ಣಗಾಯಿತು. "ನೀನು ಕೇಳು."

ಸುಶೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು.

"ಉಂಡಿಯೇನವಾ?"

"ಇಲ್ಲ."

ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಮನೆಯಲ್ಲಿ ಇದ್ದದ್ದು ಆಕೆ ಒಬ್ಬಳೇ, ಸಾರು ಮಾತ್ರ ಇಬ್ಬರಿಗಾಗುವಷ್ಟಿತ್ತು.