ಬರಿಬಾಯಿ

ಪುಟ್ಟ ಒರಳಿನಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಹೊನ್ನಿಯ ಕೈಯನ್ನು ಪ್ರತಿಭಾ ಹಿಡಿದು ನಿಲ್ಲಿಸಿದಳು.

"ಆ ಬಾಯಿಗೆ ಮತ್ತ ಇದನ್ನ ಹಾಕ್ತೀರೇನು, ಹೊನ್ನವ್ವಾ?"

ಪಡಸಾಲೆಯಲ್ಲಿ ಕೂತವರೆಲ್ಲ ಇತ್ತ ತಿರುಗಿದರು. ಗುರುಶಾಂತವ್ವನ ಹೆಣವನ್ನು ಗೋಡೆಗೊರಗಿಸಿ ಕೂಡ್ರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಹಾರ. ಎಡಗೆನ್ನೆಯ ಗಾಯ ಕಾಣದಂತೆ ಸೆರಗೆಳೆದು ಪಿನ್ನು ಚುಚ್ಚಿದವಳು ಸೊಸೆ ಪ್ರತಿಭಾಳೇ. ಮಣ್ಣಿಗೊಯ್ಯುವ ಮೊದಲು ಸತ್ತವರ ಬಾಯಿಗೆ ಕುಟ್ಟಿದ ಎಲೆಯಡಿಕೆ ಇಡುವುದು ಆ ಮನೆತನದ ಪದ್ಧತಿ. ಬನವಾಸಿಯ ಆ ಓಣಿಯಲ್ಲಿ ನಲವತ್ತು ವರ್ಷ ಗುರುಶಾಂತವ್ವನ ಜೊತೆ ಎಲೆಯಡಿಕೆಯ ಕವಳ ಹಾಕಿದವಳು ಪಕ್ಕದ ಮನೆಯ ಹೊನ್ನಿ. ಜಾತಿ ಬೇರೆ, ಒಲೆ ಬೇರೆ, ಎಲೆಸಂಚಿ ಮಾತ್ರ ಒಂದೇ ಎಂದು ಓಣಿಯವರು ನಗುತ್ತಿದ್ದರು. ಹೀಗಾಗಿ ಕುಟ್ಟುವ ಕೆಲಸ ಯಾರೂ ಹೇಳದೆಯೇ ಅವಳ ಪಾಲಿಗೆ ಬಂದಿತ್ತು.

"ತಂಬಾಕು ಹಾಕಿಲ್ಲ ಮಗಾ. ಬರೀ ಎಲೆ, ಅಡಿಕೆ."

"ಅದನ್ನ ತಿಂದೇ ಸತ್ತಾರ."

ಕಂಬಕ್ಕೊರಗಿದ್ದ ಮಾವ ದ್ಯಾಮಪ್ಪ ಸತ್ತ ಹೆಂಡತಿಯ ಮುಖದಿಂದ ಕಣ್ಣು ತೆಗೆಯದೆ ಹೇಳಿದ: "ಇರ್ಲಿ ಬಿಡವಾ. ಎಷ್ಟು ದಿನಾತು, ಆಕಿ ಒಂದಗಳು ಅಗಿದಿಲ್ಲ. ಬರಿಬಾಯಿಲೆ ಕಳಸೂದು ಬ್ಯಾಡ."

ಪ್ರತಿಭಾ ಕೈ ಬಿಟ್ಟಳು. ಬಾಯಿ ತೋರಿಸಿಕೊಳ್ಳಿ ಎಂದು ಊರಿನ ಮನೆಮನೆ ತಿರುಗಿದ ಆಶಾ ಕಾರ್ಯಕರ್ತೆ ಅವಳು. ತನ್ನ ಅತ್ತೆಯನ್ನೇ ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂಬ ಸಂಕಟ ಅವಳ ಮುಖದಲ್ಲಿ ಸಿಟ್ಟಾಗಿ ಕೂತಿತ್ತು.

ಹೊನ್ನಿ ಮತ್ತೆ ಕುಟ್ಟಿದಳು. ಕುಟ್ಟುತ್ತಿದ್ದಂತೆ ನಾಲಿಗೆ ತನ್ನಷ್ಟಕ್ಕೆ ಬಲಗೆನ್ನೆಯ ಒಳಗೆ ಹೋಯಿತು. ಅಲ್ಲೊಂದು ಒರಟು ಮಚ್ಚೆ, ದೀಪಾವಳಿಯಿಂದ ಇದೆ. ಗುರುಶಾಂತವ್ವನಿಗೂ ಮೊದಲು ಹೀಗೆಯೇ ಇತ್ತಂತೆ. ಹೊನ್ನಿ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಬಿಟ್ಟರೆ ಅದು ನಿಜವಾಗಿಬಿಟ್ಟೀತೆಂಬ ಹೆದರಿಕೆ.

*

ಎರಡು ವರ್ಷದ ಹಿಂದೆ ದಂತವೈದ್ಯರ ತಂಡವೊಂದು ಊರ ಶಾಲೆಗೆ ಬಂದಿತ್ತು. ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ನಳಿಗೆಯೊಂದರಲ್ಲಿ ಉಗುಳಿ ಕೊಟ್ಟರೆ ಸಾಕು. ಅದಕ್ಕೆ ಬೆಳಕು ಹಾಯಿಸಿ, ಹುಣ್ಣು ಕಾಣುವ ಮೊದಲೇ ಕ್ಯಾನ್ಸರಿನ ಸುಳಿವು ಹಿಡಿಯುವ ಯಂತ್ರ ತಂದಿದ್ದೇವೆ ಎಂದರು. ಆದರೆ ಬೆಳಗಿನಿಂದ ಕವಳ ಹಾಕಿರಬಾರದು. ಉಗುಳಿನಲ್ಲಿ ಕೆಂಪಿದ್ದರೆ ಬೆಳಕಿಗೆ ಏನೂ ತಿಳಿಯುವುದಿಲ್ಲ.

ಗುರುಶಾಂತವ್ವನ ಬಾಯಿ ಖಾಲಿ ಇರುತ್ತಿದ್ದದ್ದು ನಿದ್ದೆಯಲ್ಲಿ ಮಾತ್ರ. ಆದರೂ ಸೊಸೆಯ ಮಾತು ಉಳಿಸಲೆಂದು ಅಂದು ಬಾಯಿ ಕಟ್ಟಿಕೊಂಡು ಕೂತಿದ್ದಳು. ಅಷ್ಟರಲ್ಲಿ ಹೊನ್ನಿ ತನ್ನ ಮೊಮ್ಮಗಳು ದಿವ್ಯಾಳ ಮದುವೆಗೆ ಕರೆಯಲು ಬಂದಳು. ತಟ್ಟೆಯಲ್ಲಿ ಅಕ್ಷತೆ, ಲಗ್ನಪತ್ರಿಕೆ, ಎಲೆಯಡಿಕೆ.

"ಅಲ್ಲಿಡು ಹೊನ್ನಿ. ಉಗುಳು ಕೊಟ್ಟು ಬಂದು ಹಾಕ್ಕೋತೀನಿ."

"ಎಂತ ಮಾತಾಡ್ತೀಯೇ? ಮೊದಲ ಕರೆ ನಿಂಗೇ. ಮದುವೆ ವೀಳ್ಯ ಬದಿಗಿಡ್ತಾರಾ? ಉಗುಳು ಎಲ್ಲಿಗೆ ಓಡಿಹೋಗ್ತದೆ, ನಾಳೆ ಕೊಡು. ಹಾಕ್ಕೋ ನಮ್ಮವ್ವಾ."

ಗುರುಶಾಂತವ್ವ ಹಾಕಿಕೊಂಡಳು. ಇಬ್ಬರೂ ಕಳ್ಳರ ಹಾಗೆ ನಕ್ಕರು. ಶಾಲೆಯಲ್ಲಿ ಅವಳ ಕೆಂಪು ತುಟಿ ನೋಡಿ ವಾಪಸು ಕಳಿಸಿದರು. ಮರುದಿನ ತಂಡ ದೂರದ ನಂದೊಳ್ಳಿಗೆ ಹೋಗಿತ್ತು. ಮತ್ತೆ ಈ ಕಡೆ ಬರುವಷ್ಟರಲ್ಲಿ ಮಳೆಗಾಲ ಕಳೆದು, ಗುರುಶಾಂತವ್ವನ ಬಾಯಿ ಬಿಗಿದು ಒಳಗೆ ಎರಡು ಬೆರಳೂ ಹೋಗುತ್ತಿರಲಿಲ್ಲ. ಅಂದು ಪರೀಕ್ಷೆ ತಪ್ಪಿದ್ದು ಯಾರಿಂದ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಗುರುಶಾಂತವ್ವ ಮಾತ್ರ ಹೊನ್ನಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

*

"ಇಡ್ರಿ," ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

ಹೊನ್ನಿ ಚಿಟಿಕೆಯಲ್ಲಿ ತೆಗೆದಳು. ಬಿಗಿದ ಹಲ್ಲು ಬಿಡಲಿಲ್ಲ. ತುಟಿಗಳ ನಡುವೆ ಕಡಲೆಕಾಳಿನಷ್ಟು ಇಟ್ಟು, "ಹಾಕ್ಕೋ ನಮ್ಮವ್ವಾ," ಎಂದಳು. ಅಂದು ಆಡಿದ್ದೂ ಇದೇ ಮಾತೆಂದು ನೆನಪಾಗಿ ಅವಳ ಅಳು ಕಟ್ಟೆಯೊಡೆಯಿತು.

ಮಣ್ಣು ಕೊಟ್ಟು ಬಂದು, ದೀಪ ನೋಡಿ, ಜನ ಚದುರಿದರು. ಪ್ರತಿಭಾ ಹಿತ್ತಲಲ್ಲಿ ಒಬ್ಬಳೇ ಅತ್ತೆಯ ಹಾಸಿಗೆ ಒಗೆಯುತ್ತಿದ್ದಳು. ಹೊನ್ನಿ ಹೋಗಿ ಎದುರು ಕೂತಳು.

"ನಿನ್ನ ಚೀಲದಲ್ಲಿ ಆ ನಳಿಗೆ ಉಂಟನೇ?"

"ಅದಾವ. ನಾಳೆ ಆ ತಂಡ ಎಕ್ಕಂಬಿಗೆ ಬರತೈತಿ. ಯಾರಿಗ್ರೀ?"

ಹೊನ್ನಿ ಬಾಯಿ ತೆರೆದು, ಬೆರಳಿನಿಂದ ಬಲಗೆನ್ನೆ ಎಳೆದು ತೋರಿಸಿದಳು. ಪ್ರತಿಭಾ ಮೊಬೈಲಿನ ಬೆಳಕು ಬಿಟ್ಟು ನೋಡಿದಳು.

"ಹೊನ್ನವ್ವಾ, ನೀವೂ..."

"ಬೈಯೇ. ನಿಮ್ಮತ್ತೆ ಬೈಲೇ ಇಲ್ಲ. ನೀನಾದ್ರೂ ಬೈ."

ಪ್ರತಿಭಾ ಬೈಯಲಿಲ್ಲ. ಕೈ ಒರೆಸಿಕೊಂಡು ಒಳಗೆ ಹೋಗಿ ನಳಿಗೆ ತಂದಳು. "ಕವಳ ಯಾವಾಗ ಹಾಕಿದ್ರಿ?"

"ನಿನ್ನೆ ಸುದ್ದಿ ಕೇಳಿದಾಗ ಉಗುಳಿದ್ದು. ಆಮೇಲೆ ಮನಸ್ಸಾಗ್ಲಿಲ್ಲ."

"ಬಾಯಿ ತೊಳಕೊಂಡು ಕೊಡ್ರಿ. ನಾಳೆ ಇದನ್ನೂ ಒಯ್ಯೂಣು, ಅಲ್ಲಿಂದ ಸಿರ್ಸಿ ಡಾಕ್ಟರ ಹತ್ರನೂ ಹೋಗೂಣು. ನಾನೇ ಕರಕೊಂಡು ಹೋಗ್ತೀನಿ."

ಓಣಿಯ ಕಲ್ಲುಗಳನ್ನೆಲ್ಲ ಕೆಂಪು ಮಾಡಿದ ಬಾಯಿ ಅದು. ಈಗ ಅತ್ತು ಅತ್ತು ಒಣಗಿ ಒಂದು ಹನಿ ಬರಲೊಲ್ಲದು.

"ಹುಣಸೆಹಣ್ಣು ನೆನಪು ಮಾಡ್ಕೋರಿ," ಎಂದಳು ಪ್ರತಿಭಾ.

ಹೊನ್ನಿ ಕಣ್ಣು ಮುಚ್ಚಿದಳು. ಹುಣಸೆಹಣ್ಣು ನೆನಪಿಗೆ ಬರಲಿಲ್ಲ. ಗುರುಶಾಂತವ್ವ ಬಂದಳು. ಎಲೆಯ ನಾರು ತೆಗೆದು, ಬೆರಳ ತುದಿಯಲ್ಲಿ ಸುಣ್ಣ ಸವರಿ, ಮಡಚಿ, ಹಿತ್ತಲ ಗೋಡೆಯ ಮೇಲಿಂದ ಕೈ ಚಾಚಿ, "ಹಿಡಿ ಹೊನ್ನಿ," ಎಂದಳು. ಹೊನ್ನಿಯ ಬಾಯಲ್ಲಿ ನೀರೂರಿತು.

ಅವಳು ಉಗುಳಿ ಕೊಟ್ಟ ನಳಿಗೆಯನ್ನು ಪ್ರತಿಭಾ ಸಂಜೆಯ ಬಿಸಿಲಿಗೆ ಎತ್ತಿ ಹಿಡಿದಳು. ಅದರಲ್ಲಿ ಕೆಂಪಿರಲಿಲ್ಲ.