ಹೊಲಿಗೆಯವಳ ಅಂಗೈ

"ಇಲ್ಲಿ ರೋಗಿಗಳಿಗೇನು ಬರವಾ? ಅದಕ್ಕೂ ಕಡಲು ದಾಟ್ಬೇಕಾ?" ಅಂದರು ಅಮ್ಮ, ಮಗಳ ಪೆಟ್ಟಿಗೆಗೆ ಇನ್ನೊಂದು ಜೊತೆ ಕಾಲುಚೀಲ ತುರುಕುತ್ತಾ.

ರೋಗಿಗಳಿಗೆ ಬರವಿರಲಿಲ್ಲ, ಚಾಕು ಹಿಡಿಯುವ ಸರದಿಗಿತ್ತು. ಸರ್ಜರಿ ಕಲಿಯುತ್ತಿದ್ದ ಮಗಳಿಗೆ ದೊಡ್ಡಾಸ್ಪತ್ರೆಯಲ್ಲಿ ಸಿಗುತ್ತಿದ್ದದ್ದು ಹಿರಿಯರು ಕೊಯ್ಯುವಾಗ ಗಾಯದ ಅಂಚು ಎಳೆದು ಹಿಡಿಯುವ ಕೆಲಸ. ಪರದೇಶದ ಸಣ್ಣ ಆಸ್ಪತ್ರೆಯೊಂದು ಸುಟ್ಟಗಾಯದವರಿಗಾಗಿ ಸ್ವಯಂಸೇವಕರನ್ನು ಕರೆದಾಗ ಹಿಂದುಮುಂದು ನೋಡದೆ ಒಪ್ಪಿದಳು. ಸೇವೆಯ ಆಸೆ ಸುಳ್ಳಲ್ಲ. ಕೈ ಪಳಗಿಸಿಕೊಳ್ಳುವ ಆಸೆ ಅದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು.

ಅಲ್ಲಿ ತಂಡದ ಹಿರಿಯ ಸರ್ಜನ್ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು, ಮಗಳು ಕೊಯ್ದಳು. ಅವಳದೇ ವಯಸ್ಸಿನ ಆ ಊರಿನ ವೈದ್ಯೆ ಹತ್ತಿ, ದಾರ ಕೊಡುತ್ತಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಒಂದು ದಿನ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಕುದಿಯುವ ಎಣ್ಣೆ ಬಿದ್ದ ಬಲಗೈ ಮಾಯುವಾಗ ಬೆರಳುಗಳು ಅಂಗೈಗೆ ಅಂಟಿಕೊಂಡಿದ್ದವು.

"ಕತ್ತರಿ ಹಿಡಿಯೋ ಹಾಗಾದ್ರೆ ಸಾಕು," ಅಂದಳು.

ಇಂಥದ್ದೊಂದು ಕೈ ಸಿಗಲೆಂದೇ ಮಗಳು ಕಾದಿದ್ದಳು. "ಇದು ನನಗೇ ಬೇಕು ಸರ್," ಅಂತ ಕೇಳಿಯೂ ಇಟ್ಟಳು.

ಮಾರನೆಯ ಬೆಳಗ್ಗೆ ಕೈ ತೊಳೆಯುವಾಗ ಊರಿನ ವೈದ್ಯೆ ಮೆಲ್ಲಗೆ ಅಂದಳು, "ಮುಂದಿನ ವಾರ ನೀವು ಹೊರಡ್ತೀರಿ. ಇಂಥ ಕೈಗಳು ಆಮೇಲೂ ಬರ್ತಾವೆ, ಆಗ ಇಲ್ಲಿ ನಾನೊಬ್ಬಳೇ."

ದೂರೇನೂ ಇರಲಿಲ್ಲ ಆ ದನಿಯಲ್ಲಿ. ಮಗಳು ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಳು. ಆಮೇಲೆ ಒಳಗೆ ಹೋಗಿ, "ಸರ್, ಇವತ್ತು ಇವರು ಮಾಡ್ಲಿ. ನಾನು ಜೊತೆಗಿರ್ತೀನಿ," ಅಂದಳು.

"ನಿಮಗೇ ಬೇಕು ಅಂದಿದ್ರಿ?"

"ಅಂದಿದ್ದೆ ಸರ್."

ಹಿರಿಯರು ಚಾಕುವನ್ನು ಊರಿನ ವೈದ್ಯೆಗೆ ಕೊಟ್ಟರು. ಮೊದಲ ಗೀಟು ಎಳೆಯಲು ಅವಳು ಚಾಕುವನ್ನು ತುಸು ಕೆಳಗೇ ಇಟ್ಟಳು. "ಇನ್ನೂ ಸ್ವಲ್ಪ ಮೇಲೆ. ಹಾಂ, ಅಲ್ಲೇ," ಅಂದಳು ಮಗಳು. ತಾನೇ ಚಾಕು ಹಿಡಿಯಲು ಕೈ ತುರಿಸಿದರೂ ತಡೆದುಕೊಂಡಳು. ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ತೊಡೆಯಿಂದ ತೆಗೆದ ತೆಳುವಾದ ಚರ್ಮವನ್ನು ಅಂಗೈಗೆ ಹಾಸಿ ಹೊಲಿದರು.

ತಂಡ ಹೊರಡುವ ಮುಂಚೆ ಪಟ್ಟಿ ಬಿಚ್ಚಿದರು. ಚರ್ಮ ಕಪ್ಪಾಗಿದ್ದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಅದು ಎಳೆ ಗುಲಾಬಿಯಾಗಿತ್ತು. ಹೊಲಿಗೆಯವಳು ತನ್ನ ಅಂಗೈಯನ್ನು ಬೇರೆಯವರದೇನೋ ಎಂಬಂತೆ ನೋಡಿಕೊಂಡಳು. ಊರಿನ ವೈದ್ಯೆ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡಳು.

ಕೆಲವು ತಿಂಗಳ ಮೇಲೆ ಮಗಳಿಗೆ ಆ ವೈದ್ಯೆಯ ಫೋನು ಬಂತು.

"ನಾಳೆ ಒಂದು ಮಗುವಿನ ಕೈ ಇದೆ, ನಾನೇ ಮಾಡ್ತಿದ್ದೀನಿ. ಹೆಬ್ಬೆರಳಿನ ಹತ್ರ ಒಂದು ಅನುಮಾನ. ಬಿಡುವಿದೆಯಾ?"

"ಇದೆ," ಅಂದಳು ಮಗಳು, ಕುರ್ಚಿ ಎಳೆದುಕೊಳ್ಳುತ್ತಾ. "ಮೊದಲು ಫೋಟೋ ಕಳಿಸಿ."